ಅಪ್ಪ ತಗೊಳ್ಳದ ಬನ್ನಿ

ಬೈಲಹೊಂಗಲದಾಗ ನಮ್ಮ ಮನಿ ಕಟ್ಟಿ ಮ್ಯಾಲ ಕುಂತು ನಮ್ಮಪ್ಪ ಮತ್ತ ಬಾಜೂಮನಿ ಕಾಕಾ ದಿನಾ ಸಂಜಿಗೆ ರಾಜಕೀಯದ ಜಗಳಾ ಆಡತಿದ್ರು. ಇಬ್ಬರದೂ ಬ್ಯಾರೆ ಬ್ಯಾರೆ ಪಕ್ಷ. ದನಿ ಓಣಿ ತುದಿತನಕ ಕೇಳತಿತ್ತು. ಆದ್ರ ಎಲಿ-ಅಡಿಕಿ ಸಂಚಿ ಮಾತ್ರ ಇಬ್ಬರಿಗೂ ಒಂದೇ. ವಾದದಾಗ ಸೋತಾಂವ ಗೆದ್ದಾಂವಗ ಎಲಿ ಮಡಚಿ ಕೊಡತಿದ್ದ.

ಆಮ್ಯಾಲ ಅಪ್ಪನ ಫೋನಿನ್ಯಾಗ ವಿಡಿಯೋದಾಂವ ಒಬ್ಬ ಬಂದು ಕುಂತ. ಮೇಜು ಕುಟ್ಟಿ ಕುಟ್ಟಿ ರಾಜಕೀಯ ಒದರೋದೇ ಅವನ ಉದ್ಯೋಗ. ತನ್ನ ಮಾತು ಒಪ್ಪದವರೆಲ್ಲಾ ಅವಗ ದೇಶದ್ರೋಹಿಗಳು. ಒಂದಿನ ಅಪ್ಪ ಅದೇ ಮಾತನ್ನ, ಅವನ ದನಿಯೊಳಗನ, ಕಾಕಾಗ ಅಂದುಬಿಟ್ಟ. ಕಾಕಾ ಕಟ್ಟಿಯಿಂದ ಇಳದ್ರು. ಚಪ್ಪಲಿ ಮೆಟ್ಟಿಕೊಂಡು ಹೋದ್ರು.

ನಮ್ಮ ಕಡೆ ದಸರಾ ದಿನ ಬನ್ನಿ ಎಲಿ ಕೈಗೆ ಕೊಟ್ರ ಹಿಂದಿನ ಜಗಳಾ ಮುಗೀತು ಅಂತ ಅರ್ಥ. ವೈರಿ ಕೊಟ್ರೂ ತಗೋಬೇಕು, ಒಲ್ಲೆ ಅನ್ನಂಗಿಲ್ಲ. ಆ ದಸರಾ ಸಂಜಿ ಕಾಕಾ ತಾವಾಗೇ ಬಂದ್ರು.

"ಬನ್ನಿ ತಗೋ ದೋಸ್ತಾ, ಬಂಗಾರದಂಗ ಇರೋಣು" ಅಂತ ಕೈ ಚಾಚಿದ್ರು.

ಅಪ್ಪ ಫೋನಿನಿಂದ ಕಣ್ಣೇ ಎತ್ತಲಿಲ್ಲ. ಆ ಫೋನ್ ಕಸಗೊಂಡು ಗಟಾರಕ್ಕ ಒಗದುಬಿಡಬೇಕು ಅನ್ನೋವಷ್ಟು ಸಿಟ್ಟು ಬಂತು ನನಗ. ಕಾಕಾ ಎಲಿ ಕಟ್ಟಿ ಮ್ಯಾಲ ಇಟ್ಟು ಹೋದ್ರು. ಬಾಜೂಮನಿ ಬಾಗಲಾ ಹಾಕಿದ ಸಪ್ಪಳಾ ಕೇಳಿತು.

ಅಷ್ಟರಾಗ ಫೋನಿನ್ಯಾಗಿನಾಂವ ಒದರೋದು ಮುಗಿಸಿ, ನಗತಾ ಕೈ ಮುಗದ. "ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ" ಅಂದ.

"ಇರೋಣಪಾ, ಇರೋಣು" ಅಂದ ನಮ್ಮಪ್ಪ, ಆ ಫೋನಿಗೆ.