ಜುಂಜಪ್ಪನ ಪೇಟದ ಬಾಲ

ಉಬ್ರಾಣಿಯ ಜುಂಜಪ್ಪ ಸುಳ್ಳುಗಾರ. ಹೊಟ್ಟೆಪಾಡಿಗೆ ಸುಳ್ಳು ಹೇಳುವವರನ್ನು ಕ್ಷಮಿಸಬಹುದು. ಇವನದು ನಾಲಿಗೆ ತುರಿಕೆಯ ಸುಳ್ಳು. ಸೀಳುನಾಯಿಯನ್ನು ಬರಿಗೈಯಲ್ಲಿ ಕೊಂದೆನೆಂದು ಅದರ ಬಾಲವನ್ನು ಪೇಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಚನ್ನಗಿರಿ ಸಂತೆಯಲ್ಲಿ ಅವನಿಗಿಂತ ಆ ಬಾಲಕ್ಕೇ ಹೆಚ್ಚು ಮರ್ಯಾದೆ.

ಸಂಜೆ ಕಟ್ಟೆಯ ಮೇಲೆ ಕೂತು ಪ್ರಾಣಿಗಳಿಗೆಲ್ಲ ಕುಲ, ಬೆಡಗು ಹಂಚುತ್ತಿದ್ದ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ತರುವಂತಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ.

“ಮೊಲಿ ಕುಡಿಸೋವೆಲ್ಲ ಒಂದೇ ಮಠದ ಒಕ್ಕಲು ಕಣ್ರೀ. ಆನೆ, ಇಲಿ, ಬಾವಲಿ, ನಾವು, ನೀವು. ಹುಲಿ, ಬೆಕ್ಕು ಒಂದು ಬೆಡಗು. ತೋಳ, ನರಿ, ನಾಯಿ ಇನ್ನೊಂದು. ಸೀಳುನಾಯೀನೂ ಅದೇ ಬೆಡಗೇ, ಆದ್ರೆ ಪಾಲಾಗಿ ಬ್ಯಾರೆ ಒಲೆ ಹೂಡೈತೆ. ಬೊಗಳಲ್ಲ, ಸಿಳ್ಳೆ ಹಾಕ್ತೈತೆ.”

“ಕತ್ತೆಕಿರುಬ?” ಎಂದು ಬೆನಕಪ್ಪ ಕೆಣಕಿದ.

“ಅದು ನಾಯಿ ವೇಷ ಕಟ್ಟಿದ ಬೆಕ್ಕಿನ ಬೀಗ!”

“ಬೆಡಗು ಗೊತ್ತಾಗೋದು ಹೆಂಗೋ?”

“ಬಾಲ ನೋಡ್ರಿ. ಎಲ್ಲಾ ಬಾಲದಾಗೇ ಐತೆ.”

ಕಟ್ಟೆ ನಕ್ಕಿತು. ಬಾಲದ ಮಾತೊಂದು ಬಿಟ್ಟರೆ ಪ್ರಾಣಿಶಾಸ್ತ್ರವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅದು ನಕ್ಕವರಿಗೂ ಗೊತ್ತಿರಲಿಲ್ಲ, ಸುಳ್ಳೆಂದುಕೊಂಡೇ ಹೇಳಿದ ಜುಂಜಪ್ಪನಿಗೂ ಗೊತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಪಟೇಲ ಷಣ್ಮುಖಪ್ಪನವರ ಕುರಿಗಳನ್ನು ಯಾವುದೋ ಪ್ರಾಣಿ ಸೀಳಿ ಹಾಕಿತು. ಗುಮಾನಿ ಭೀಮಕ್ಕನ ನಾಯಿ ಕೆಂಚಿಯ ಮೇಲೆ ಬಿತ್ತು: ಕೆಂಪು ಮೈ, ಕಪ್ಪು ಬಾಲ, ಬೊಗಳುವುದು ಅಪರೂಪ. ಸೀಳುನಾಯಿ ಮರಿಯನ್ನೇ ತಂದು ಸಾಕಿದ್ದಾಳೆ ಎಂದರು. ಕಾಡಿನಂಚಿನ ಗುಡಿಸಲಲ್ಲಿ ಒಂಟಿಯಾಗಿದ್ದ ಆ ವಿಧವೆಗೆ ಬಾಗಿಲೂ ಕೆಂಚಿಯೇ, ಅಗಳಿಯೂ ಕೆಂಚಿಯೇ. ಕೆಂಚಿಯನ್ನು ಹುಣಸೆಮರಕ್ಕೆ ಕಟ್ಟಿ, ಪಟೇಲರು ಕೋವಿ ತರಿಸಿದರು.

“ಬೊಗಳೇ, ಒಂದ್ಸಲ ಬೊಗಳೇ!” ಎಂದು ಭೀಮಕ್ಕ ಅಲುಗಾಡಿಸಿದಳು. ಕೆಂಚಿ ಅವಳ ಕೈ ನೆಕ್ಕಿತು.

“ಜುಂಜಪ್ಪಾ, ಇಷ್ಟು ದಿನ ಬಾಲ ಬಿಚ್ಚಿದ್ದು ಸಾಕು. ಇವತ್ತು ನಿಜವಾಗ್ಲೂ ಬಿಚ್ಚು, ತಾಳೆ ನೋಡಾಣ,” ಎಂದ ಬೆನಕಪ್ಪ.

ಪೇಟದ ಬಾಲ, ಕೆಂಚಿಯ ಬಾಲ ಎರಡನ್ನೂ ಒಟ್ಟಿಗೆ ಹಿಡಿದರು. ಒಂದೇ ಬಣ್ಣ, ಒಂದೇ ಕುಚ್ಚು. ಪಟೇಲರು ಕೋವಿ ಎತ್ತಿದರು.

“ನಿನ್ ನಾಲಿಗಿಗೆ ಹುಳ ಬೀಳ,” ಎಂದು ಭೀಮಕ್ಕ ಜುಂಜಪ್ಪನನ್ನು ಶಪಿಸಿದಳು.

ಜುಂಜಪ್ಪ ಸುಮ್ಮನಿದ್ದಿದ್ದರೆ ಆ ಬಾಲದ ಕೀರ್ತಿ ಹೊನ್ನಾಳಿಯವರೆಗೂ ಹಬ್ಬುತ್ತಿತ್ತು. ಅವನು ಕೆಮ್ಮಿದ.

“ತಡೀರಿ ಪಟೇಲ್ರೇ. ಇದು ಸೀಳುನಾಯಿದಲ್ಲ.”

“ಮತ್ತೇನು, ನಿಂದಾ?” ಬೆನಕಪ್ಪನ ಮಾತಿಗೆ ಎಲ್ಲರೂ ಬಿದ್ದುಬಿದ್ದು ನಕ್ಕರು. ಯಾರೂ ನಂಬಲಿಲ್ಲ. ನಿಜ ಹೇಳಿ ಅವನಿಗೂ ಅಭ್ಯಾಸವಿರಲಿಲ್ಲ, ತೊದಲಿದ.

ಕೊನೆಗೆ ಬಾಲವನ್ನು ಭೀಮಕ್ಕನ ಮಡಿಲಿಗಿಟ್ಟ. “ಕೆಂಚಿ ತಾಯೀದು, ಅಕ್ಕಾ. ದಾರ್‍ಯಾಗೆ ಗಾಡಿಗೆ ಸಿಕ್ಕಿ ಸತ್ತಿತ್ತು. ನಾನು ಕೊಂದಿದ್ದಲ್ಲ, ಕುಯ್ಕೊಂಡಿದ್ದು.”

ಭೀಮಕ್ಕ ಕೂದಲು ಸರಿಸಿ ಬೆರಳಾಡಿಸಿದಳು. ರೊಟ್ಟಿ ಕದ್ದದ್ದಕ್ಕೆ ಹಿಂದೆ ಆ ತಾಯಿನಾಯಿಯ ಬಾಲಕ್ಕೆ ತಾನೇ ಕೊಳ್ಳಿಯಿಂದ ಇಟ್ಟ ಬರೆ ಕೈಗೆ ಸಿಕ್ಕಿತು. “ಹೌದು, ನಮ್ಮ ನಾಯೀದೇ, ಕೆಂಚಿ ಅದ್ರ ಮರಿ,” ಎಂದು ಎಲ್ಲರಿಗೂ ತೋರಿಸಿದಳು.

ಪಟೇಲರು ಕೋವಿ ಇಳಿಸಿದರು.

“ಇನ್ನು ಪೇಟಕ್ಕೆ ಏನು ಸಿಕ್ಕಿಸ್ತೀಯೋ?” ಬೆನಕಪ್ಪ ಕೇಳಿದ.

ಜುಂಜಪ್ಪ ಕುಕ್ಕರುಗಾಲಲ್ಲಿ ಕೂತು ಕೆಂಚಿಯ ಕೊರಳಿನ ಗಂಟು ಬಿಚ್ಚತೊಡಗಿದ.