ಗೇಟಕ್ಕ ಜನ ಸೇರಿಸುವ ಬಗೆ

ದಾರದ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಗೇಟಿನ ಎದುರು ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೋಗುತ್ತಿದ್ದವಳು ಅವಳು. ಹಾಗಾಗಿ ಗೇಟಕ್ಕ. ಕಾರ್ಖಾನೆ ಮುಚ್ಚಿ, ಗೇಟು ಗುಜರಿಗೆ ಹೋಗಿ ವರ್ಷಗಳಾದವು. ಹೆಸರಿಗೆ ಮಾತ್ರ ತುಕ್ಕು ಹಿಡಿದಿಲ್ಲ. ಕೋಪ ಬಂದಾಗ ಗಂಡನೂ ಹಾಗೇ ಕರೆಯುತ್ತಾನೆ.

ಈಗ ಅವಳು ಸೋಪು ಮಾರುತ್ತಾಳೆ. ಪಾತ್ರೆ ತೊಳೆಯುವ ದ್ರವ, ನೆಲ ಒರೆಸುವ ದ್ರವ, ಬಟ್ಟೆ ಪುಡಿ, ಕೈಗೆ ಹಚ್ಚುವ ಕ್ರೀಮು. ಅಂಗಡಿಯಲ್ಲಿ ಸಿಗದ, ಒಬ್ಬರಿಂದ ಒಬ್ಬರಿಗೆ ದಾಟಿ ಹೋಗುವ ಮಾಲು. ನೆಟ್‌ವರ್ಕ್ ಮಾರ್ಕೆಟಿಂಗ್ ಎನ್ನುತ್ತಾರೆ. ಕೆಳಗೆ ಜನ ಸೇರಿಸಿದಷ್ಟೂ ಮೇಲಿನ ಮೆಟ್ಟಿಲು ಸಿಗುತ್ತದೆ. ಈ ವ್ಯಾಪಾರದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ. ಸೋಪು ಮಾರುವುದು ಬಿಟ್ಟು ನೆಂಟರಿಷ್ಟರನ್ನೇ ಮಾರಿಕೊಂಡು, ಕೊನೆಗೆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಗೇಟಕ್ಕ ತಲೆ ಎತ್ತಿಕೊಂಡೇ ಓಡಾಡುತ್ತಾಳೆ. ಅವಳು ಹೇಗೆ ಮಾಡುತ್ತಾಳೆ ಎನ್ನುವುದು ಈ ಕೆಲಸಕ್ಕೆ ಇಳಿಯುವವರಿಗೆ ಗೊತ್ತಿದ್ದರೆ ಒಳ್ಳೆಯದು.

ಅವಳನ್ನು ಇದಕ್ಕೆ ಎಳೆದವನು ಕೋಟು. ಕಂಪನಿಯಲ್ಲಿ ಅವಳಿಗಿಂತ ಒಂದು ಮೆಟ್ಟಿಲು ಮೇಲಿನವನು. ಎಂಥ ಸೆಕೆಯಲ್ಲೂ ಕೋಟು ಬಿಚ್ಚದ್ದಕ್ಕೆ ಹೆಂಗಸರು ಸೇರಿ ಇಟ್ಟ ಹೆಸರು ಅದು. ಇವಳಿಗೆ ಆ ಬಡಾವಣೆಯ ಪ್ರತಿ ಬಾಗಿಲೂ ಪರಿಚಯ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಬಂದ, ಕುರ್ಚಿಯ ತುದಿಯಲ್ಲಿ ಕೂತ, ಮೊಬೈಲಿನಲ್ಲಿ ಒಂದು ಕಾರು ತೋರಿಸಿದ, ಒಂದು ಸಮುದ್ರ ತೋರಿಸಿದ.

"ಇದೆಲ್ಲ ಯಾರದು?" ಎಂದಳು ಗೇಟಕ್ಕ.

"ನಮ್ಮ ಮೇಲಿನವರದು ಮೇಡಂ. ನಾಳೆ ನಿಮ್ಮದೂ ಆಗಬಹುದು."

"ಸಮುದ್ರನಾ?"

ಒಳಗೆ ಯಾರದೋ ಫ್ಯಾನು ರಿಪೇರಿಗೆ ಬಿಚ್ಚಿಕೊಂಡು ಕೂತಿದ್ದ ಗಂಡ ಕಿಸಕ್ಕನೆ ನಕ್ಕ. ಗೇಟಕ್ಕ ನಗಲಿಲ್ಲ. "ಸಾಮಾನು ಬಿಟ್ಟು ಹೋಗಿ. ತೊಳೆದು ನೋಡಿ ಹೇಳ್ತೀನಿ," ಎಂದಳು.

ಒಂದು ತಿಂಗಳು ತೊಳೆದಳು. ಪಾತ್ರೆ ದ್ರವ ಒಳ್ಳೆಯದು, ಬಟ್ಟೆ ಪುಡಿಯೂ ಒಳ್ಳೆಯದು, ನೆಲದ್ದು ಪರವಾಗಿಲ್ಲ, ಕ್ರೀಮು ದಂಡ. ಇವತ್ತಿಗೂ ಯಾರಾದರೂ ಕ್ರೀಮು ಕೇಳಿದರೆ, "ಅದು ಬೇಡ ಬಿಡಿ, ಅಡುಗೆ ಎಣ್ಣೆನೇ ವಾಸಿ," ಎನ್ನುತ್ತಾಳೆ. ಕೋಟಿಗೆ ಇದು ಹೊಟ್ಟೆಯುರಿ. ಆದರೆ ತನ್ನ ಮಾಲನ್ನೇ ಬೇಡ ಎಂದವಳು ಇನ್ನೊಂದನ್ನು ಚೆನ್ನಾಗಿದೆ ಎಂದರೆ ಜನ ನಂಬುತ್ತಾರೆ. ತಾನು ಬಳಸದ್ದನ್ನು ಮಾರಲು ಹೊರಟವನ ಮಾತು ಎರಡನೇ ಮನೆಯ ಹೊತ್ತಿಗೆ ತೊದಲುತ್ತದೆ.

ಮೊದಲ ಸಲ ಒಂದು ಮನೆಗೆ ಹೋಗುವಾಗ ಅವಳ ಕೈಯಲ್ಲಿ ಏನೂ ಇರುವುದಿಲ್ಲ. ಮುಷ್ಕರದ ಕಾಲದಲ್ಲಿ ಕಲಿತದ್ದು. ಚಂದಾ ರಸೀದಿ ಪುಸ್ತಕ ಹಿಡಿದು ಹೋದವರಿಗೆ ಬಾಗಿಲು ಅರ್ಧವೇ ತೆರೆಯುತ್ತಿತ್ತು, ಕೈ ಬೀಸಿಕೊಂಡು ಹೋದವಳಿಗೆ ಅಡುಗೆಮನೆಯವರೆಗೂ ದಾರಿ ಇತ್ತು. ಇವಳು ಹೋಗಿ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಲ್ಲುತ್ತಾಳೆ. ಮಾತಾಡುವುದು ಮನೆಯವಳು. ನೀರು ಗಡುಸು, ಪಾತ್ರೆಗೆ ಬಿಳಿ ಕಲೆ ಕೂರುತ್ತದೆ, ಬೆರಳ ಸಂದಿ ಒಡೆದಿದೆ, ಸೊಸೆ ಪುಡಿ ಸುರಿದು ಖಾಲಿ ಮಾಡುತ್ತಾಳೆ. ಎಲ್ಲ ಕೇಳಿಕೊಂಡು ಗೇಟಕ್ಕ ವಾಪಸು ಬರುತ್ತಾಳೆ. ಎರಡನೇ ಸಲ ಹೋಗುವಾಗ ಬಿಳಿ ಕಲೆಗೆ ಬೇಕಾದ ಬಾಟಲಿ ಒಂದೇ ಜೊತೆಗಿರುತ್ತದೆ. ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಗಂಡ ಹೆಂಡತಿ ಮುನಿಸಿಕೊಂಡ ದಿನ ಸೋಪಿನ ಮಾತು ಎತ್ತುವುದಿಲ್ಲ. ಇಷ್ಟು ದುಡಿಯುತ್ತೀರಿ, ಅಷ್ಟು ದುಡಿಯುತ್ತೀರಿ ಎಂದು ಗುಂಪಿಗೆ ಸೇರಲು ಬಂದ ಯಾರಿಗೂ ಆಸೆ ಹಚ್ಚುವುದಿಲ್ಲ. "ಅರ್ಧ ದಿನ ಕಾಲು ನೋಯುತ್ತೆ, ತಿಂಗಳ ಹಾಲಿನ ಖರ್ಚು ಕಳೆಯುತ್ತೆ, ಅಷ್ಟೇ," ಎನ್ನುತ್ತಾಳೆ. ಹಾಲಿನ ಖರ್ಚು ಕಳೆದರೆ ಸಾಕು ಎನ್ನುವವರು ಮಾತ್ರ ಉಳಿಯುತ್ತಾರೆ. ಮಿಕ್ಕವರು ಮೂರು ವಾರಕ್ಕೆ ಓಡಿಹೋಗುವವರೇ.

ಮಂಚದ ಕೆಳಗೆ ಮಾಲು ತುಂಬುವುದು ಅವಳ ಗುಂಪಿನಲ್ಲಿ ನಿಷೇಧ. ತಿಂಗಳ ಕೊನೆಗೆ ಕೋಟು ಬಂದು, ಗುರಿ ಮುಟ್ಟಲು ನೀವೇ ಒಂದಿಷ್ಟು ಕೊಂಡುಬಿಡಿ ಎಂದಾಗಲೆಲ್ಲ, "ನಮ್ಮ ಸೋಪು ನಾವೇ ಕೊಂಡರೆ ಅದು ವ್ಯಾಪಾರ ಅಲ್ಲ ಸ್ವಾಮಿ, ಸ್ನಾನ," ಎಂದು ಕಳಿಸುತ್ತಾಳೆ. ದೂರು ಬಂದರೆ ಅವತ್ತೇ ಹೋಗುತ್ತಾಳೆ. ಮಾರಲು ಒಂದು ದಿನ ತಡವಾದರೆ ಬಾಯಿ ಮುಚ್ಚಿಕೊಳ್ಳುವ ಜನ ದೂರಿಗೆ ತಡವಾದರೆ ಬೀದಿಗೆಲ್ಲ ಡಂಗುರ ಸಾರುತ್ತಾರೆ.

ಇಷ್ಟೆಲ್ಲ ಜಾಣತನ ಇದ್ದವಳು ಮಾಡಿಕೊಂಡ ಒಂದು ಏರ್ಪಾಡು ಮಾತ್ರ ಈ ವ್ಯಾಪಾರ ಬಲ್ಲ ಯಾರೂ ಮಾಡದ್ದು. ಅವಳೂ ಸೇರಿ ಗುಂಪಿನ ಹನ್ನೊಂದು ಹೆಂಗಸರೂ ಹಳೆಯ ಕಾರ್ಖಾನೆಯವರೇ. ಸೋಮವಾರ ಮಧ್ಯಾಹ್ನ ಅವಳ ಮುಂದಿನ ಕೋಣೆಯಲ್ಲಿ, ಬಿಚ್ಚಿದ ಫ್ಯಾನುಗಳ ನಡುವೆ ಚಾಪೆ ಹಾಸಿ ಕೂರುತ್ತಾರೆ. ಹೊಸಬರು ಯಾರೇ ಸೇರಬೇಕಾದರೂ ಇರುವವರು ಕೈ ಎತ್ತಿ ಒಪ್ಪಬೇಕು. ಮುಷ್ಕರ ಸಮಿತಿಯಲ್ಲಿ ಹಾಗಿತ್ತು, ಸೋಪಿಗೂ ಅದೇ ಬಂತು. ಯಾರೂ ಯೋಚಿಸಿ ಮಾಡಿದ್ದಲ್ಲ. ಕೈ ಎತ್ತದೆ ಏನಾದರೂ ತೀರ್ಮಾನ ಮಾಡಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ.

ಕೋಟು ಹಣೆ ಚಚ್ಚಿಕೊಂಡ. "ಮೇಡಂ, ಬರೋರನ್ನ ಬಾಗಿಲಲ್ಲಿ ನಿಲ್ಲಿಸಿ ಓಟು ಹಾಕೋ ವ್ಯಾಪಾರ ನಾನೆಲ್ಲೂ ನೋಡಿಲ್ಲ."

"ಈಗ ನೋಡಿದ್ರಲ್ಲ," ಎಂದಳು ಗೇಟಕ್ಕ.

ಅವನು ಕಲಿಸಿದ ಪಾಠಗಳಲ್ಲಿ ಇನ್ನೊಂದನ್ನೂ ಅವಳು ಪಾಲಿಸಿರಲಿಲ್ಲ. ಮೊದಲು ಒಡಹುಟ್ಟಿದವರಿಂದ ಶುರು ಮಾಡಿ ಎಂದು ಅವನು ಹೇಳುತ್ತಿದ್ದ. ಅವಳಿಗೆ ಒಡಹುಟ್ಟಿದವಳು ಒಬ್ಬಳೇ, ಮೂರು ಬೀದಿ ಆಚೆ ಇದ್ದ ತಂಗಿ. ಅವಳೂ ದಾರದ ಕಾರ್ಖಾನೆಯವಳೇ. ಮುಷ್ಕರದ ಎರಡನೇ ತಿಂಗಳಲ್ಲಿ ಮ್ಯಾನೇಜರನ ವ್ಯಾನು ಹತ್ತಿ, ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಹೋದವಳು. ಮುಂದಿನ ಗೇಟಿನಲ್ಲಿ ಅಕ್ಕ ನಿಂತಿದ್ದಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ತಾಯಿ ಸತ್ತಾಗಲೂ ಹೆಣದ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೂತು ಅತ್ತು ಎದ್ದುಹೋದರು.

ಈ ತಂಗಿ ಒಂದು ಸೋಮವಾರ ತಾನಾಗಿ ಬಂದು ಬಾಗಿಲಲ್ಲಿ ನಿಂತಳು.

"ಒಳಗೆ ಬರಬಹುದಾ?"

ಉತ್ತರ ಕೊಟ್ಟವಳು ಬಾಬಿನ್. ಕಾರ್ಖಾನೆಯಲ್ಲಿ ಬಾಬಿನ್ ಉರುಳೆಗೆ ದಾರ ಸುತ್ತುತ್ತಿದ್ದವಳು, ಕಡ್ಡಿಯಂಥ ಹೆಂಗಸು, ನಾಲಿಗೆ ಮಾತ್ರ ದಪ್ಪ. "ಬಾಗಿಲು ತೆಗೆದೇ ಇದೆಯಲ್ಲ. ನಿನಗೆ ಹಿಂದಿನದೇ ಅಭ್ಯಾಸ ಇದ್ರೆ ಸುತ್ತಿಕೊಂಡು ಬಾ."

ತಂಗಿ ಬಂದು ಚಾಪೆಯ ಅಂಚಿನಲ್ಲಿ ಕೂತಳು. "ಹೌದು, ಹೋದೆ. ವ್ಯಾನು ಹತ್ತಿ ಹೋದೆ. ಅದಕ್ಕೆ ಕ್ಷಮೆ ಕೇಳೋಕೆ ಬಂದಿಲ್ಲ."

"ಯಾರು ಕೇಳಿದ್ರು ನಿನ್ನ ಕ್ಷಮೆನ?" ಎಂದಳು ಕ್ಯಾಂಟೀನಮ್ಮ. ಮುಷ್ಕರದ ದಿನಗಳಲ್ಲಿ ಗೇಟಿನೆದುರು ಒಲೆ ಹೂಡಿ ಎಲ್ಲರಿಗೂ ಬೇಯಿಸಿ ಹಾಕಿದವಳು ಆಕೆ. "ಅದನ್ನೇನು ಬೇಯಿಸಿ ತಿನ್ನೋಕಾಗುತ್ತಾ?"

"ಕೆಲಸ ಕೇಳೋಕೆ ಬಂದೆ. ನಾನಿದ್ದ ಇಸ್ತ್ರಿ ಅಂಗಡಿ ಮುಚ್ಚಿದ್ರು. ಲಾಡ್ಜು, ಹಾಸ್ಟೆಲ್ಲು, ನರ್ಸಿಂಗ್ ಹೋಮು, ಎಲ್ಲರ ಬಟ್ಟೆನೂ ನನ್ನ ಕೈ ಮೇಲೆ ಹೋಗಿದೆ. ಎಲ್ಲೆಲ್ಲಿ ಏನು ಸೋಪು ಹಾಕ್ತಾರೆ, ಯಾರು ಬೈಕೊಂಡು ಹಾಕ್ತಾರೆ, ನನಗೆ ಗೊತ್ತು."

"ಸರಿ, ಹೋಗು. ತಿಳಿಸ್ತೀವಿ," ಎಂದಳು ಗೇಟಕ್ಕ. ಅಷ್ಟು ವರ್ಷಗಳ ಮೇಲೆ ತಂಗಿಗೆ ಆಡಿದ ಮೊದಲ ಮಾತು ಅದು.

ತಂಗಿ ಎದ್ದುಹೋದಳು. ಕೋಟು ಅವತ್ತು ಅಲ್ಲೇ ಇದ್ದ. ಕಣ್ಣರಳಿಸಿ ಫಾರಂ ತೆಗೆದ. ಗೇಟಕ್ಕ ಕಂಪನಿಯಲ್ಲಿ ಒಂದು ಮೆಟ್ಟಿಲು ಮೇಲೇರಲು ಚೆನ್ನಾಗಿ ಮಾರುವ ಗಟ್ಟಿ ಕೈಯವಳು ಒಬ್ಬಳೇ ಕಡಿಮೆ ಇದ್ದಳು, ಮೇಲೇರಿದರೆ ಅವನಿಗೂ ಪಾಲು ಇತ್ತು. "ಇಂಥವರಿಗೆ ಕೈ ಎತ್ತೋದೆಲ್ಲ ಯಾಕೆ ಮೇಡಂ?"

"ನೀವು ಕೂತ್ಕೊಳ್ಳಿ. ಇಲ್ಲಿ ನಿಮಗೆ ಕೈ ಇಲ್ಲ."

ಬೇಕು ಎನ್ನುವವರು ಎತ್ತಿ ಎಂದಳು. ಮೊದಲು ಎತ್ತಿದವಳು, ಎಲ್ಲ ಬಿಟ್ಟು, ಬಾಬಿನ್. "ನನ್ನ ಮುಖ ಏನು ನೋಡ್ತೀರಿ? ಲಾಡ್ಜಿನ ಗಿರಾಕಿಗೆ ಎತ್ತಿದೀನಿ, ಅವಳಿಗಲ್ಲ." ಹಿಂದೆಯೇ ಇನ್ನಿಬ್ಬರು. ಆಮೇಲೆ ಗೇಟಕ್ಕ. ಅಲ್ಲಿಗೆ ನಿಂತಿತು. ಬೇಡ ಎನ್ನುವವರು ಎಂದಾಗ ಏಳು ಕೈ ಎದ್ದವು.

ಕ್ಯಾಂಟೀನಮ್ಮ ಕೈ ಇಳಿಸಿದವಳೇ ಗೇಟಕ್ಕನ ಕಡೆ ತಿರುಗಿದಳು. "ನಿನ್ನ ತಂಗಿ ಅಂತ ಅಲ್ಲ ಕಣೇ. ಒಲೆ ಮೇಲೆ ಬರೀ ನೀರು ಕುದಿಸಿದ ದಿನ ಇವಳ ವ್ಯಾನು ನನ್ನ ಮುಂದೇನೇ ಹೋಯ್ತು. ನನ್ನ ಕೈಲಿ ಇನ್ನೂ ಆಗಲ್ಲ."

"ಆಗದಿದ್ರೆ ಆಗಲ್ಲ ಬಿಡು," ಎಂದಳು ಗೇಟಕ್ಕ.

ಹೆಂಗಸರು ಹೋದರು, ಕೋಟು ಹೋಗಲಿಲ್ಲ. ಕಂಪನಿಯ ಕಾನೂನಿನಲ್ಲಿ ಕೈ ಎತ್ತುವುದು ಎನ್ನುವುದೇ ಇಲ್ಲ, ನಿಮ್ಮದೊಂದು ಸಹಿ ಸಾಕು, ಮೇಲೆ ಹೋಗುತ್ತೀರಿ ಎಂದು ಬಾಗಿಲವರೆಗೂ ಗೋಗರೆದ.

"ಮೇಲೆ ಹೋಗಿ ಯಾರ ಜೊತೆ ಮಾತಾಡ್ಲಿ? ನಿಮ್ಮ ಜೊತೆನಾ?" ಎಂದಳು.

ಅವನು ಹೋದ ಮೇಲೆ ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದ. "ಕೈ ಎತ್ತಿಸದೆ ಇದ್ದಿದ್ರೆ ಏನು ಗಂಟು ಹೋಗ್ತಿತ್ತು? ತಂಗಿ ಬಂದಿರೋಳು. ಇಷ್ಟು ವರ್ಷ ಆ ಬೀದಿ ಕಡೆ ತಿರುಗಿ ತಿರುಗಿ ನೋಡ್ತಿದ್ದೋಳು ನೀನೇ ತಾನೆ?"

"ಎತ್ತಿಸಿ ಆಯ್ತಲ್ಲ," ಎಂದಳು. ಅವಳಿಗೆ ಮೆಟ್ಟಿಲು ಬೇಕಿರಲಿಲ್ಲ, ತಂಗಿ ಬೇಕಿತ್ತು. ಬಾಗಿಲಿಗೆ ಬಂದವಳನ್ನು ಇವತ್ತು ಹಿಂದಕ್ಕೆ ಕಳಿಸಿದರೆ ಮತ್ತೆ ಬರುತ್ತಾಳೆ ಎನ್ನುವ ಭರವಸೆ ಇರಲಿಲ್ಲ. ಹಾಗೆಂದು ಕಳ್ಳ ಸಹಿ ಹಾಕಿದರೆ ಆ ಏಳು ಜನ ಅವಳ ಮುಖ ನೋಡಿ ಮಾತಾಡುವುದು ನಿಲ್ಲಿಸುತ್ತಿದ್ದರು, ಮತ್ತು ಅದು ಸರಿಯಾಗಿಯೇ ಇರುತ್ತಿತ್ತು.

ತಂಗಿಗೆ ಮೊಬೈಲಿನಲ್ಲಿ ಒಂದು ಮೆಸೇಜು ಹಾಕಿಬಿಡುತ್ತೇನೆ ಎಂದಿದ್ದಳು ಬಾಬಿನ್. ಗೇಟಕ್ಕ ಬೇಡ ಎಂದಳು. ಒಳ್ಳೆ ಸುದ್ದಿ ಫೋನಿನಲ್ಲಿ ಹೋಗಬಹುದು, ಬೇಡ ಎನ್ನುವ ಸುದ್ದಿ ಕಾಲ್ನಡಿಗೆಯಲ್ಲೇ ಹೋಗಬೇಕು. ಇದು ಸೋಪಿಗೂ ಸಲ್ಲುವ ಮಾತು.

ತಂಗಿಯ ಮನೆ ಒಂದೇ ಕೋಣೆ. ಗೋಡೆಗೆ ಒತ್ತಿ ಇಸ್ತ್ರಿ ಮೇಜು, ಅದರ ಬಟ್ಟೆಯ ಮೇಲೆ ತ್ರಿಕೋನದ ಸುಟ್ಟ ಗುರುತು. ಅಂಗಡಿ ಮುಚ್ಚಿದರೂ ಅಕ್ಕಪಕ್ಕದವರ ಒಂದೆರಡು ಅಂಗಿ ಬರುತ್ತಿದ್ದವು. ಅಕ್ಕನನ್ನು ಕಂಡು ತಂಗಿ ಇಸ್ತ್ರಿ ಪೆಟ್ಟಿಗೆಯನ್ನು ನೇರ ನಿಲ್ಲಿಸಿದಳು. ಕೂರು ಎನ್ನಲಿಲ್ಲ.

"ಆಗಲಿಲ್ಲ," ಎಂದಳು ಗೇಟಕ್ಕ.

"ಗೊತ್ತಿತ್ತು. ಎಷ್ಟು?"

"ಏಳು ಬೇಡ. ನಾಲ್ಕು ಬೇಕು."

ತಂಗಿ ಅಂಗಿಯ ಕಾಲರು ಬಿಡಿಸುತ್ತಿದ್ದವಳು ಬಿಟ್ಟಳು. "ನಾಲ್ಕಾ? ಒಂದೂ ಇರಲ್ಲ ಅಂದ್ಕೊಂಡಿದ್ದೆ." ಅಂಗಿಯನ್ನು ಪಕ್ಕಕ್ಕಿಟ್ಟು, "ನಿಂದು ಇತ್ತಾ ಅದರಲ್ಲಿ?"

"ಇತ್ತು."

"ಮೊದಲೇ ಎತ್ತಿದ್ಯಾ, ಬೇರೆಯವರನ್ನ ನೋಡ್ಕೊಂಡು ಎತ್ತಿದ್ಯಾ?"

"ನೋಡ್ಕೊಂಡು."

ತಂಗಿಗೆ ನಗು ಬಂತು. "ಒಂದು ಸುಳ್ಳು ಹೇಳೋಕೂ ಬರಲ್ಲ ನಿನಗೆ. ಸೋಪು ಹೆಂಗೆ ಮಾರ್ತೀಯೋ." ಮೇಜಿನ ಕೆಳಗಿನ ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. "ಮತ್ತೆ ಯಾವಾಗ ಎತ್ತಿಸ್ತೀಯ?"

"ಸ್ವಲ್ಪ ದಿನ ಹೋಗ್ಲಿ. ಅಷ್ಟರಲ್ಲಿ ನೀನು ಗಿರಾಕಿ ಆಗು. ನನ್ನ ಹತ್ರ ಬೇಡ, ಕ್ಯಾಂಟೀನಮ್ಮನ ಹತ್ರ ಕೊಂಡ್ಕೋ."

"ಅವಳು ನನಗೆ ಮಾರ್ತಾಳಾ?"

"ಬೈತಾಳೆ. ಬೈದು ಮಾರ್ತಾಳೆ. ಅದಕ್ಕೆ ಬೇರೆ ರೇಟಿಲ್ಲ."

ಹಾಗೇ ಆಯಿತು. ಕ್ಯಾಂಟೀನಮ್ಮ ಮೊದಲ ಸಲ ಪುಡಿಯ ಪೊಟ್ಟಣವನ್ನು ಹೊಸಿಲ ಮೇಲೆ ಇಟ್ಟು ತಿರುಗಿ ನೋಡದೆ ಹೋದಳು. ಮುಂದಿನ ಸಲ, ಇಷ್ಟು ಬೇಗ ಹೇಗೆ ಖಾಲಿ ಮಾಡಿದೆ, ಪುಡಿ ತಿನ್ನುತ್ತೀಯಾ ಎಂದು ಜಗಳ ತೆಗೆದಳು. ತಂಗಿ ಆಕೆಯನ್ನು ಲಾಡ್ಜಿನ ಮ್ಯಾನೇಜರನ ಬಳಿ ಕರೆದುಕೊಂಡು ಹೋಗಿ, ಆ ಗಿರಾಕಿಯನ್ನು ಆಕೆಯ ಹೆಸರಿಗೇ ಮಾಡಿಸಿದಳು. ಅಕ್ಕ ಹೇಳಿಕೊಟ್ಟದ್ದಲ್ಲ ಅದು. ತನ್ನ ಬುದ್ಧಿಯಿಂದಲೇ ಮಾಡಿದ್ದು. ಗೇಟಕ್ಕ ಮೇಲೇರಬೇಕಿದ್ದ ಮೆಟ್ಟಿಲನ್ನು ಅಷ್ಟರಲ್ಲಿ ಪಕ್ಕದ ಬಡಾವಣೆಯ ಒಬ್ಬ ವಿಮೆ ಏಜೆಂಟ್ ಹತ್ತಿದ. ಅವನ ಮಂಚದ ಕೆಳಗೆ ಈಗ ಕಸಬರಿಕೆ ಆಡಿಸಲು ಜಾಗವಿಲ್ಲವಂತೆ.

ಲಾಡ್ಜಿಗೆ ದೊಡ್ಡ ಡಬ್ಬ ಹೋಗುವ ದಿನ ಅದರ ಒಂದು ಹಿಡಿಕೆ ಕ್ಯಾಂಟೀನಮ್ಮ ಹಿಡಿದರೆ ಇನ್ನೊಂದು ತಂಗಿ ಹಿಡಿಯುತ್ತಾಳೆ. "ಬೇಡ ಅಂದವಳಿಗೆ ಅವಳ ಜೊತೆ ಏನು ಸವಾರಿ?" ಎಂದು ಬಾಬಿನ್ ಬೀದಿಯಲ್ಲೇ ಕೆಣಕಿದಳು.

"ಡಬ್ಬ ಭಾರ ಇದೆ. ನೀನು ಹೊರ್ತೀಯಾ, ಕಡ್ಡಿ?" ಎಂದಳು ಕ್ಯಾಂಟೀನಮ್ಮ. ತನ್ನ ಮತ ಬದಲಾಗಿದೆ ಎಂದು ಮಾತ್ರ ಇದುವರೆಗೆ ಎಲ್ಲೂ ಬಾಯಿ ಬಿಟ್ಟಿಲ್ಲ.

ಬರುವ ಸೋಮವಾರ ತಂಗಿಯ ವಿಷಯ ಮತ್ತೆ ಚಾಪೆಯ ಮೇಲೆ ಬರುತ್ತದೆ. ಏನಾಗುತ್ತದೆ ಎಂದು ಗೇಟಕ್ಕನಿಗೂ ಗೊತ್ತಿಲ್ಲ. ಈ ಸಲ ಯಾರನ್ನೂ ನೋಡದೆ ಮೊದಲು ಕೈ ಎತ್ತುತ್ತೇನೆ ಎಂದು ಮಾತ್ರ ತಂಗಿಗೆ ಹೇಳಿ ಬಂದಿದ್ದಾಳೆ.