ಜಂಗ್ಲಿಸಾಬನ ಚಬಕ

ಜಂಗ್ಲಿಸಾಬನ ಪೈಜಾಮಗಳೆಲ್ಲ ಬಲತೊಡೆಯ ಮೇಲೇ ಹರಿಯುತ್ತಿದ್ದವು. ಹೆಂಡತಿ ಮೈಮುನಬಿ ತೇಪೆ ಹಾಕಿ ಹಾಕಿ ಬೇಸತ್ತು, "ಕುದರಿಗಿ ಹೊಡಿಯಾಕ ಕೈ ಬರಂಗಿಲ್ಲ, ನಿಮ್ಮ ತೊಡಿ ಏನ್ ಪಾಪ ಮಾಡೇತಿ?" ಎಂದು ಕೇಳುತ್ತಿದ್ದಳು.

ಎಲ್ಲಕ್ಕೂ ಕಾರಣ ರೋಣದ ಮಂದಿಯ ಅವಸರ. ಅವನ ಟಾಂಗಾದಲ್ಲಿ ಕೂತರೆ ಸಾಕು, ಗದಗಿನ ಬಸ್ಸು ತಪ್ಪುತ್ತದೆ, ಹೊಡಿ ಹೊಡಿ ಎಂದು ಗದ್ದಲ. ಕುದುರೆ ಬಿಜಲಿಯನ್ನು ಮರಿಯಿದ್ದಾಗಿನಿಂದ ಸಾಕಿದವನಿಗೆ ಅದರ ಮೇಲೆ ಕೈ ಎತ್ತಲು ಮನಸ್ಸಾದರೂ ಹೇಗೆ ಬರಬೇಕು? ಮೊಳದುದ್ದದ ತೊಗಲಿನ ಚಬಕದಿಂದ ತನ್ನ ತೊಡೆಗೇ ಫಟ್ಟನೆ ಬಾರಿಸಿಕೊಳ್ಳುತ್ತಿದ್ದ. ಹಿಂದೆ ಕೂತವರಿಗೆ ಸದ್ದು ಕೇಳಿ ಸಮಾಧಾನ. ಕುದುರೆಗೂ ಅದೇ ರೂಢಿಯಾಯಿತು. ಮನುಷ್ಯನ ಮೈಮೇಲೆ ಫಟ್ ಎಂದರೆ ಹೊರಡುವುದು, ಇಲ್ಲದಿದ್ದರೆ ಮಹಾರಾಣಿ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ.

ಟಂಟಂ ರಿಕ್ಷಾಗಳು ಬಂದು ಟಾಂಗಾ ಮೂಲೆ ಸೇರಿದ ಮೇಲೆ ಬಿಜಲಿ ಮದುವೆಯ ಮೆರವಣಿಗೆಗಳಿಗೆ ಹೋಗತೊಡಗಿತು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಬೆಳವಣಕಿಯಿಂದ ಕರೆ ಬಂತು. ಮದುಮಗ ನರಗುಂದದ ಕಾಳಿನ ವ್ಯಾಪಾರಿಯ ಮಗ ಗುರುಪಾದ. ಊರ ಬಾಗಿಲಲ್ಲಿ ಕುದುರೆ ಹತ್ತಿದವನೇ, "ಚಬಕ ಕೊಡ ಚಾಚಾ, ಕೈಯಾಗ ಅದಿಲ್ಲಂದ್ರ ಫೋಟೋ ಚಲೋ ಬರಂಗಿಲ್ಲ" ಎಂದ.

"ಕೊಡ್ತೀನ್ರಿ ಧಣೇರ. ಆದ್ರ ಅದು ಕುದರಿಗಲ್ಲ, ಹತ್ತಿದವರ ತೊಡಿಗಿ."

ಮುದುಕ ಚೇಷ್ಟೆ ಮಾಡುತ್ತಿದ್ದಾನೆಂದು ಗುರುಪಾದ ನಕ್ಕುಬಿಟ್ಟ. ಬಾಜಾ ಶುರುವಾಯಿತು, ಬಿಜಲಿ ನಿಂತಲ್ಲೇ ನಿಂತಿತ್ತು. ಗೆಳೆಯರು ಕಿಸಿಕಿಸಿ ನಕ್ಕರು. ಸಿಟ್ಟಿಗೆದ್ದ ಮದುಮಗ ಕುದುರೆಯ ಕಡೆಗೆ ಚಬಕ ಬೀಸಿದ. ಜಂಗ್ಲಿಸಾಬನ ಜೀವ ಬಾಯಿಗೆ ಬಂತು. ಹಾರಿ ಹೋಗಿ ಬೆನ್ನು ಅಡ್ಡ ಕೊಟ್ಟ. ಫಟ್! ಬಿಜಲಿ ಠೀವಿಯಿಂದ ಹೊರಟಿತು.

ಬಾಸಿಂಗದಿಂದ ಇಳಿಬಿದ್ದ ಹೂವಿನ ಎಳೆಗಳು ಗುರುಪಾದನ ಕಣ್ಣು ಮುಚ್ಚಿದ್ದವು. ಏಟು ಎಲ್ಲಿ ಬಿತ್ತೆಂದು ಅವನಿಗೆ ತಿಳಿಯಲಿಲ್ಲ, ಕುದುರೆ ಪಳಗಿಸಿದೆನೆಂದು ಎದೆ ಉಬ್ಬಿತು ಅಷ್ಟೇ. ಆಮೇಲೆ ಮೆರವಣಿಗೆ ನಿಂತಾಗಲೆಲ್ಲ ಅವನು ಬೀಸುವುದು, ಜಂಗ್ಲಿಸಾಬ ಬೆನ್ನು ಕೊಡುವುದು, ಬಿಜಲಿ ನಡೆಯುವುದು.

ಮಾಳಿಗೆಯ ಮೇಲಿದ್ದ ಮದುಮಗಳು ಅನ್ನಪೂರ್ಣೇಶ್ವರಿಗೂ ಅವಳ ಅಜ್ಜಿ ಸಿದ್ದವ್ವನಿಗೂ ಮಾತ್ರ ಎಲ್ಲವೂ ನಿಚ್ಚಳವಾಗಿ ಕಂಡಿತು.

"ಯವ್ವಾ, ಮುದಕನ್ನ ದಾರಿತುಂಬ ಹೊಡಕೋಂತ ಬರಾಕತ್ತಾನಲ್ಲ! ನಾಳಿಗಿ ನಿನ್ನ ಗತಿ ಏನ?" ಎಂದು ಅಜ್ಜಿ ಎದೆ ಬಡಿದುಕೊಂಡಳು.

ಅನ್ನಪೂರ್ಣೇಶ್ವರಿ ದಡದಡ ಇಳಿದು ಬಾಗಿಲಿಗೆ ಬಂದಳು. "ನಾ ಇಂವನ್ನ ಒಲ್ಲೆ" ಎಂದಳು. ಬಾಜಾ ಗಪ್ಪಾಯಿತು.

ಗುರುಪಾದ ಹೂವು ಸರಿಸಿ ನೋಡಿದ. ಜಂಗ್ಲಿಸಾಬನ ಬಿಳಿ ಅಂಗಿಯ ಬೆನ್ನು ಹರಿದು ಬಾಸುಂಡೆಗಳು ಕಾಣುತ್ತಿದ್ದವು. ಮದುಮಗನ ಮುಖ ಇಳಿದುಹೋಯಿತು.

"ಯಾಕ ಹೇಳಲಿಲ್ಲ ಚಾಚಾ?"

"ಹೇಳಿದ್ನೆಲ್ರಿ, ನೀವು ನಕ್ರಿ." ಜಂಗ್ಲಿಸಾಬ ಮದುಮಗಳ ಕಡೆ ತಿರುಗಿ ತನ್ನ ತೊಡೆಯ ಕಥೆ ಪೂರ್ತಿ ಹೇಳಿದ. "ಹುಡುಗ ಕೆಟ್ಟಾಂವ ಅಲ್ಲವ್ವಾ. ಅವಂಗ ಕಾಣಲಿಲ್ಲ."

"ಮುದಕಗ ಹೊಡದಿದ್ದು ಕಾಣಲಿಲ್ಲ, ಖರೇ. ಕುದರಿಗಿ ಹೊಡಿಯಾಕ ಹೊಂಟಿದ್ದು?" ಎಂದಳು ಆಕೆ. "ಹೊಳ್ಳಿ ಊರ ಬಾಗಲಕ್ಕ ಹೋಗಿ, ತನ್ನ ತೊಡಿಗಿ ಹೊಡಕೋಂತ ಬರ್ಲಿ. ಆಮ್ಯಾಲೆ ನೋಡ್ತೀನಿ."

ಬೇರೆ ದಾರಿಯಿರಲಿಲ್ಲ. ಕುದುರೆಯನ್ನು ಊರ ಬಾಗಿಲಿಗೆ ಕರೆದೊಯ್ದರು, ಊರಿಗೆ ಊರೇ ಹಿಂದೆ ನಡೆಯಿತು. ಗುರುಪಾದ ಮೆಲ್ಲಗೆ ತಟ್ಟಿಕೊಂಡ. ಬಿಜಲಿ ಕಿವಿಯನ್ನೂ ಅಲುಗಿಸಲಿಲ್ಲ.

"ಸೊಳ್ಳಿ ಹೊಡೀತಿಯೇನೋ? ಜೋರ್ಲೆ ಹೊಡ್ಕೋ!" ಎಂದಳು ಸಿದ್ದವ್ವ.

ಹಲ್ಲು ಕಚ್ಚಿ ಬಾರಿಸಿಕೊಂಡ. ಬಿಜಲಿ ಹೊರಟಿತು. ಮೂರು ಕಡೆ ನಿಂತಿತು, ಮೂರೂ ಕಡೆ ಬಾರಿಸಿಕೊಂಡ. ಬಾಗಿಲಿಗೆ ಬಂದು ಇಳಿದಾಗ ಕಾಲೆಳೆಯುತ್ತಿದ್ದ. ಅನ್ನಪೂರ್ಣೇಶ್ವರಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ದಾರಿ ಬಿಟ್ಟಳು.

ಊರೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು. ಜಂಗ್ಲಿಸಾಬನೊಬ್ಬನೇ ಕುದುರೆಯ ಕೊರಳು ತಬ್ಬಿ ಅಳುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಬಿಜಲಿಯ ಪಾಲಿನ ಏಟನ್ನು ತಾನಲ್ಲದೆ ಇನ್ನೊಬ್ಬ ತಿಂದದ್ದು ಅಂದೇ ಮೊದಲು.